ಸೆರೊಟೊನಿನ್ ‘ಕೊರತೆ’ – ಒಂದು ಸುಲಭ ವಿವರಣೆಯ ವಿಮರ್ಶೆ

ಖಿನ್ನತೆ ಎಂದರೆ ಮಿದುಳಿನಲ್ಲಿ ಸೆರೊಟೊನಿನ್ ಕಡಿಮೆಯಾಗುವುದು. ಮಾತ್ರೆ ಆ ಕೊರತೆಯನ್ನು ತುಂಬುತ್ತದೆ. ಜನಪ್ರಿಯ ಬರಹಗಳಲ್ಲಿ, ಉಪನ್ಯಾಸಗಳಲ್ಲಿ ಬಹುಕಾಲದಿಂದ ಕೇಳಿಬರುವ ವಿವರಣೆಯಿದು. ರೋಗಿಯನ್ನು ದೂಷಿಸದಿರುವುದು ಇದರ ಗುಣ. ಆದರೆ ವಿಜ್ಞಾನವಾಗಿ ಇದು ಎಷ್ಟು ಗಟ್ಟಿ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳಿಗೆ ಫ್ಲೋರೈಡ್ ಹೊಸದಲ್ಲ. ಕೊಳವೆಬಾವಿಯ ನೀರನ್ನು ಪರೀಕ್ಷಿಸಿ, ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂದು ಹೇಳಬಹುದು. ಖಿನ್ನತೆಗೆ ಅಂಥ ಅಳತೆಯಿಲ್ಲ. ದೇಹದ ಸೆರೊಟೊನಿನ್‌ನಲ್ಲಿ ಸುಮಾರು ಶೇ. 90 ಭಾಗ ಇರುವುದು ಕರುಳಿನಲ್ಲಿ; ರಕ್ತಪರೀಕ್ಷೆಯಿಂದ ಮಿದುಳಿನ ಸ್ಥಿತಿ ತಿಳಿಯದು. ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಸಂಗಡಿಗರಿಗೆ 2022ರಲ್ಲಿ ಈ ವಾದಕ್ಕೆ ಸ್ಥಿರವಾದ ಪುರಾವೆ ಕಾಣಲಿಲ್ಲ.

ಕಲ್ಪನೆ ಹುಟ್ಟಿದ್ದೇ ಹಿಮ್ಮುಖ ತರ್ಕದಿಂದ. 1950ರ ದಶಕದಲ್ಲಿ ಕ್ಷಯದ ಔಷಧಿ ಇಪ್ರೊನಯಜಿಡ್ ರೋಗಿಗಳ ಮನಸ್ಸನ್ನು ಹಗುರಗೊಳಿಸಿತು. ಅದು ಮಿದುಳಿನ ಕೆಲವು ರಾಸಾಯನಿಕಗಳನ್ನು ಹೆಚ್ಚಿಸುತ್ತಿತ್ತು. ಹಾಗಾದರೆ ರೋಗಕ್ಕೆ ಅವುಗಳ ಕೊರತೆಯೇ ಕಾರಣವಿರಬೇಕೆಂದು 1960ರ ದಶಕದಲ್ಲಿ ಊಹಿಸಲಾಯಿತು. ಶ್ರೀನಿವಾಸಪುರದ ಮಾವಿನ ಹೂವಿಗೆ ತಗಲುವ ಬೂದಿರೋಗ ಗಂಧಕ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹಾಗೆಂದು ಮರದಲ್ಲಿ ಗಂಧಕದ ಕೊರತೆಯಿತ್ತು ಎನ್ನುತ್ತೇವೆಯೇ? ಕಾರಣ ಶಿಲೀಂಧ್ರವಲ್ಲವೆ?

ಹಾಗಾದರೆ ಮಾತ್ರೆಯೇ ಸುಳ್ಳೇ? ಅದೂ ತಪ್ಪು ತೀರ್ಮಾನ. 1,16,477 ಜನರನ್ನೊಳಗೊಂಡ 522 ಪ್ರಯೋಗಗಳ ವಿಶ್ಲೇಷಣೆ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 21 ಖಿನ್ನತಾ ನಿವಾರಕಗಳೂ ಹುಸಿಮಾತ್ರೆಗಿಂತ ಮೇಲಾಗಿದ್ದವು. ಅಂತರ ಮಾತ್ರ ಬಹುಪಾಲು ಸಾಧಾರಣ.

ಕೊರತೆಯ ಕಥೆಯಿಂದ ಹಾನಿಯೂ ಉಂಟು. ಫ್ಲುಯಾಕ್ಸೆಟಿನ್, ಎಸ್ಸಿಟಲೊಪ್ರಾಮ್‌ಗಳು ಸೆರೊಟೊನಿನ್‌ನ ಮರುಹೀರಿಕೆಯನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತವೆ. ಗುಣ ಕಾಣಲು ವಾರಗಳು ಬೇಕು. ಕೊರತೆ ತುಂಬುವ ಟಾನಿಕ್ ಎಂದು ತಿಳಿದವರು ಮೊದಲ ವಾರದಲ್ಲೇ ನಿರಾಶರಾಗಿ ಬಿಡುತ್ತಾರೆ. ಇಲ್ಲವೇ ತುಸು ಗುಣವಾದೊಡನೆ ‘ತುಂಬಿತು’ ಎಂದು ನಿಲ್ಲಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ಚಡಪಡಿಕೆ ಬರಬಹುದು.

ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್ ಬೇರೆಯೇ ಗುಂಪಿನದು. ಅದು ಗಾಬಾ ಎಂಬ ಸಂದೇಶವಾಹಕದ ಪರಿಣಾಮವನ್ನು ಹೆಚ್ಚಿಸಿ ಬೇಗ ಶಮನ ನೀಡುತ್ತದೆ. ಬೇಗ ಚಟವೂ ಆಗಬಹುದು. ಅದಕ್ಕೇ 2013ರಲ್ಲಿ ಅದನ್ನು ಎಚ್1 ಅನುಸೂಚಿಗೆ ಸೇರಿಸಿ, ಮಾರಾಟದ ದಾಖಲೆ ಇಡುವುದನ್ನು ಕಡ್ಡಾಯಗೊಳಿಸಲಾಯಿತು. ಎಲ್ಲವನ್ನೂ ‘ನಿದ್ದೆ ಮಾತ್ರೆ’ ಎಂದು ಕರೆಯುವುದು ಅಪಾಯಕರ.

ತರಗತಿಯಲ್ಲಿ ಹೇಳಬೇಕಾದದ್ದು ಇಷ್ಟು: ಈ ಔಷಧಿಗಳು ಹಲವರಿಗೆ ನೆರವಾಗುತ್ತವೆ, ಹೇಗೆಂಬುದು ಪೂರ್ತಿ ತಿಳಿದಿಲ್ಲ, ವೈದ್ಯರನ್ನು ಕೇಳದೆ ಆರಂಭಿಸಬಾರದು, ನಿಲ್ಲಿಸಲೂ ಬಾರದು. ನೆರವು ಬೇಕಾದವರಿಗೆ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಇದೆ. ‘ಇನ್ನೂ ತಿಳಿದಿಲ್ಲ’ ಎಂದು ಹೇಳುವುದೂ ವಿಜ್ಞಾನ ಬೋಧನೆಯೇ.