ಹೆಗಲು ಇಳಿಸುವ ವಿದ್ಯೆ

ಮೊದಲ ದಿನದ ಪಾಠ ಇಷ್ಟೇ. ಅಂಗಾತ ಮಲಗಿ, ಕೈಗಳನ್ನು ಮೈ ಪಕ್ಕಕ್ಕೆ ಬಿಟ್ಟು, ಕೆಲವು ನಿಮಿಷ ಸುಮ್ಮನಿರಬೇಕು. ಆಮೇಲೆ ಒಂದು ಹಸ್ತವನ್ನಷ್ಟೇ ಮಣಿಕಟ್ಟಿನಿಂದ ಹಿಂದಕ್ಕೆ ಬಾಗಿಸಿ ಹಿಡಿಯಬೇಕು. ಮಣಿಕಟ್ಟಿನಲ್ಲಿ ಒಂದು ಎಳೆತ ಗೊತ್ತಾಗುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು, ಅದು ಕೀಲಿನದು. ಹುಡುಕಬೇಕಾದದ್ದು ಮುಂಗೈಯ ಮೇಲ್ಮೈಯಲ್ಲಿ, ಮೊಣಕೈ ಕಡೆಗೆ, ಇದೆಯೋ ಇಲ್ಲವೋ ಎಂಬಷ್ಟು ಮಂಕಾಗಿ ತೋರುವ ಇನ್ನೊಂದು ಅನುಭವವನ್ನು. ಅದು ಸಿಕ್ಕ ಮೇಲೆ ಕೈ ಬಿಡುವುದು. ಒಂದು ಗಂಟೆಯೊಳಗೆ ಹೀಗೆ ಮೂರು ಸಲ ಮಾಡಿದರೆ ಅಂದಿನ ಪಾಠ ಮುಗಿಯಿತು. ಮರುದಿನ ಅದೇ ಕೈಯನ್ನು ಮುಂದಕ್ಕೆ ಬಾಗಿಸುವ ಪಾಠ.

ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ (1888–1983) ಸ್ನಾಯುಗಳ ಬಿಗಿತ ಬಿಡಿಸಲು ಕಲಿಸುತ್ತಿದ್ದ ರೀತಿ ಇದು. 1929ರಲ್ಲಿ ‘ಪ್ರೊಗ್ರೆಸಿವ್ ರಿಲ್ಯಾಕ್ಸೇಷನ್’ ಎಂಬ ಗ್ರಂಥವನ್ನು ವಿದ್ವಾಂಸರಿಗಾಗಿ ಬರೆದರು; 1934ರಲ್ಲಿ ‘ಯು ಮಸ್ಟ್ ರಿಲ್ಯಾಕ್ಸ್’ ಎಂಬ ಪುಸ್ತಕವನ್ನು ಸಾಮಾನ್ಯ ಓದುಗರಿಗಾಗಿ. ಇಂದು ಫಿಸಿಯೋಥೆರಪಿ ಕೊಠಡಿಯಲ್ಲೋ ಫೋನಿನ ಆಪ್‌ನಲ್ಲೋ ‘ಮುಷ್ಟಿ ಬಿಗಿಯಾಗಿ ಹಿಡಿಯಿರಿ, ಈಗ ಬಿಡಿ, ಹುಬ್ಬು ಗಂಟಿಕ್ಕಿ, ಈಗ ಬಿಡಿ’ ಎಂದು ಕೇಳಿಬರುವ ಹದಿನೈದು ನಿಮಿಷದ ಅಭ್ಯಾಸಕ್ಕೆಲ್ಲ ಮೂಲಪುರುಷರು ಇವರೇ. ಆದರೆ ಮೊಮ್ಮಗುವಿಗೆ ಅಜ್ಜನ ಹೆಸರಷ್ಟೇ ಬಂದಿದೆ, ಗುಣ ಬಂದಿಲ್ಲ. ಜೇಕಬ್‌ಸನ್‌ರ ವಿದ್ಯೆಯಲ್ಲಿ ಯಾವುದು ನಿಂತಿತು, ಯಾವುದು ಬಿದ್ದುಹೋಯಿತು ಎಂದು ನೋಡುತ್ತ ಹೋದರೆ, ಬಿದ್ದುಹೋದ ಭಾಗವೇ ದಿನನಿತ್ಯದ ಕತ್ತುನೋವಿಗೆ ಹೆಚ್ಚು ಬೇಕಾದದ್ದು ಎಂಬುದು ಕಾಣುತ್ತದೆ.

ಆರಂಭ ನಡೆದದ್ದು ಹಾರ್ವರ್ಡ್‌ನಲ್ಲಿ, 1908ರ ಸುಮಾರಿಗೆ. ಹಠಾತ್ ಸದ್ದಿಗೆ ಜನ ಹೇಗೆ ಬೆಚ್ಚಿಬೀಳುತ್ತಾರೆ ಎಂದು ಪರೀಕ್ಷಿಸುತ್ತಿದ್ದ ತರುಣನಿಗೆ, ಮೈಯನ್ನು ಚೆನ್ನಾಗಿ ಸಡಿಲ ಬಿಟ್ಟವರು ಹೆಚ್ಚುಕಡಿಮೆ ಬೆಚ್ಚುವುದೇ ಇಲ್ಲ ಎಂಬುದು ಕಂಡಿತು. ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದನ್ನು ಅಳೆದರು. ಸಡಿಲಗೊಂಡವರಲ್ಲಿ ಆ ಚಿಮ್ಮು ಕುಗ್ಗುತ್ತಿತ್ತು. ಆ ಕಾಲದ ಯಂತ್ರಗಳಿಗೆ ಸಣ್ಣ ಬಿಗಿತ ಸಿಕ್ಕುತ್ತಿರಲಿಲ್ಲ. ಬೆಲ್ ಟೆಲಿಫೋನ್ ಪ್ರಯೋಗಾಲಯದ ನೆರವಿನಿಂದ ಸ್ನಾಯುವಿನಲ್ಲಿ ಏಳುವ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲನ್ನೂ ಹಿಡಿಯಬಲ್ಲ ಉಪಕರಣವನ್ನು ಅವರು ಕಟ್ಟಿಸಿದರು. ‘ಕೈ ಮಡಚುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳಿ’ ಎಂದರೆ ಸಾಕು, ಅಲುಗದ ತೋಳಿನಲ್ಲೂ ವಿದ್ಯುತ್ತಿನ ಮಿನುಗು ಕಾಣುತ್ತಿತ್ತು. ಆರಾಮಾಗಿ ಮಲಗಿದ್ದೇನೆ ಎಂದುಕೊಂಡವರಲ್ಲೂ ಸ್ನಾಯುಗಳು ಪೂರ್ತಿ ಬಿಟ್ಟಿರುವುದಿಲ್ಲ, ಎಲ್ಲೋ ಒಂದಿಷ್ಟು ಬಿಗಿ ಉಳಿದೇ ಇರುತ್ತದೆ ಎಂಬುದನ್ನು ಊಹೆಯಿಂದ ಬಿಡಿಸಿ ಅಳತೆಗೆ ತಂದದ್ದು ಅವರ ದೊಡ್ಡ ಸಾಧನೆ. ಈ ಉಳಿಕೆಯೇ ಅವರ ಶತ್ರು.

ಉಳಿಕೆಯನ್ನು ಕಾಣಬೇಕಾದರೆ ಅದನ್ನು ಗುರುತಿಸಲು ಬರಬೇಕು. ಅದಕ್ಕೇ ಅಷ್ಟು ನಿಧಾನ. ಇದು ವ್ಯಾಯಾಮವಲ್ಲ, ಅಕ್ಷರಾಭ್ಯಾಸ. ಮೊದಲು ದೊಡ್ಡಕ್ಷರ, ಆಮೇಲೆ ಸಣ್ಣದು, ಕೊನೆಗೆ ಅಕ್ಷರವೇ ಇಲ್ಲದಂತೆ ಕಾಣುವ ಕಡೆಯೂ ಓದುವುದು. ಮೊದಮೊದಲು ಹಸ್ತವನ್ನು ಪೂರ್ತಿ ಬಾಗಿಸುತ್ತಿದ್ದವರು ಬರಬರುತ್ತ ಅರ್ಧ, ಕಾಲು, ಕೂದಲೆಳೆಯಷ್ಟು ಬಾಗಿಸಿ ಅದೇ ಅನುಭವವನ್ನು ಪತ್ತೆ ಹಚ್ಚಬೇಕಿತ್ತು. ಕೈ, ಕಾಲು, ಬೆನ್ನು, ಹಣೆ, ಕಣ್ಣು, ನಾಲಿಗೆ ಹೀಗೆ ಸಾಗುವ ಪಾಠಗಳು 50ಕ್ಕೂ ಹೆಚ್ಚು. ಕಣ್ಣು ಮತ್ತು ನಾಲಿಗೆಯ ಪಾಠಗಳು ‘ಯು ಮಸ್ಟ್ ರಿಲ್ಯಾಕ್ಸ್’ ಪುಸ್ತಕದ ಅತ್ಯುತ್ತಮ ಪುಟಗಳು. ಮನಸ್ಸಿನಲ್ಲೇ ಎಣಿಸುವಾಗ ತುಟಿ, ನಾಲಿಗೆ, ದವಡೆಯಲ್ಲಿ ಏಳುವ ಅಣುಮಾತ್ರದ ಚಲನೆಯನ್ನು ಹಿಡಿಯಲು ಕಲಿತವನಿಗೆ ರಾತ್ರಿ ತಲೆಯೊಳಗೆ ಜಗಳವಾಡುತ್ತ ಮಲಗುವುದು ಹೊಸ ರೀತಿಯಲ್ಲಿ ಕಾಣತೊಡಗುತ್ತದೆ.

ಇನ್ನೊಂದು ವಿಷಯದಲ್ಲಿ ಜೇಕಬ್‌ಸನ್ ಕಟ್ಟುನಿಟ್ಟು. ‘ನಿಮ್ಮ ಕೈ ಭಾರವಾಗುತ್ತಿದೆ, ಹಗುರಾಗುತ್ತಿದೆ’ ಎಂದು ಗುರು ಮೆಲ್ಲಗೆ ಉಸುರುವುದು ಅವರಿಗೆ ಸೇರುತ್ತಿರಲಿಲ್ಲ. ಅದು ಸಲಹೆಯ ಮಾಯೆ. ಗುರು ಪಕ್ಕದಲ್ಲಿ ಇರುವವರೆಗೆ ಮಾತ್ರ ನಡೆಯುತ್ತದೆ ಎಂಬುದು ಅವರ ಆಕ್ಷೇಪ. ಇವತ್ತಿನ ಜೇನುದನಿಯ ಧ್ವನಿಮುದ್ರಿಕೆಗಳನ್ನು ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು, ಬಿಡಿಸುವುದು ಆಮೇಲಿನ ಮಾತು.

ಹಾಗಾದರೆ ವಿದ್ಯೆ ಕುಗ್ಗಿದ್ದು ಹೇಗೆ? ವೈದ್ಯರಿಗೆ ಸಮಯವಿಲ್ಲದ್ದರಿಂದ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪಿ 1958ರ ತಮ್ಮ ಗ್ರಂಥದಲ್ಲಿ ಭಯ ಬಿಡಿಸುವ ಚಿಕಿತ್ಸೆಗೆ ಇದನ್ನು ಬಳಸಿಕೊಂಡರು, ಐವತ್ತು ಪಾಠಗಳನ್ನು ಆರಕ್ಕೆ ಇಳಿಸಿದರು. 1973ರಲ್ಲಿ ಬರ್ನ್‌ಸ್ಟೈನ್ ಮತ್ತು ಬೋರ್ಕೊವೆಕ್ ಬರೆದ ಕೈಪಿಡಿ 16 ಸ್ನಾಯುಗುಂಪುಗಳ ಪಟ್ಟಿ ಕೊಟ್ಟಿತು. ಪ್ರತಿಯೊಂದನ್ನೂ ಐದಾರು ಸೆಕೆಂಡ್ ಗಟ್ಟಿಯಾಗಿ ಬಿಗಿಹಿಡಿದು ಬಿಡುವುದು, ಬಿಗಿದಷ್ಟೂ ಆಮೇಲಿನ ಸಡಿಲ ಆಳವಾಗುತ್ತದೆ ಎಂಬ ನಂಬಿಕೆ. ಇಲ್ಲಿಗೆ ತತ್ವವೇ ತಲೆಕೆಳಗಾಯಿತು. ಜೇಕಬ್‌ಸನ್‌ಗೆ ಬಿಗಿಯುವುದು ಗುರುತಿಸಲಿಕ್ಕೆ. ಹೊಸಬರಿಗೆ ಅದೇ ಔಷಧ. ಪಾಲ್ ಲೆಹ್ರರ್ ಎಂಬ ಮನಶ್ಶಾಸ್ತ್ರಜ್ಞ 1982ರಲ್ಲಿ ಇದನ್ನೆಲ್ಲ ಮರುಪರಿಶೀಲಿಸಿ, ಮೂಲ ವಿಧಾನವನ್ನು ಸರಿಯಾಗಿ ಪರೀಕ್ಷಿಸದೆಯೇ ಅದರ ಹೆಸರಲ್ಲಿ ಬೇರೊಂದನ್ನು ಪರೀಕ್ಷಿಸಲಾಗುತ್ತಿದೆ ಎಂದು ದೂರಿದ್ದು ನ್ಯಾಯವಾಗಿಯೇ ಇದೆ. ಆದರೂ ಕಿರುರೂಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಿದ್ರೆ ಬಾರದವರಿಗೆ, ಆತಂಕಕ್ಕೆ ಅದು ಸಾಧಾರಣ ಮಟ್ಟದಲ್ಲಿ ಉಪಕಾರಿ. ಮಲಗುವ ಮುನ್ನ ಮಾಡಿದರೆ ನಷ್ಟವಿಲ್ಲ.

ನಷ್ಟ ಆಗಿರುವುದು ಎದ್ದು ಓಡಾಡುವ ಹೊತ್ತಿಗೆ.

ಮೂಲದ ಎರಡನೆಯ ಭಾಗದಲ್ಲಿ ಜೇಕಬ್‌ಸನ್ ಕಲಿಸಿದ್ದು ಕೆಲಸದ ನಡುವಿನ ಸಡಿಲಿಕೆಯನ್ನು: ಕೆಲಸಕ್ಕೆ ಬೇಕಾದ ಸ್ನಾಯುವನ್ನು ಬೇಕಾದಷ್ಟೇ ಬಳಸುವುದು, ಬೇಡದ್ದನ್ನು ಬಿಡುವುದು. ಓದುವವನಿಗೆ ಕಣ್ಣೂ ಕತ್ತೂ ಬೇಕು, ಕಚ್ಚಿದ ಹಲ್ಲು ಬೇಡ. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತ ಸ್ಕೂಟರಿನ ಹ್ಯಾಂಡಲನ್ನು ಹಿಸುಕುವ ಕೈ, ಟೈಪ್ ಮಾಡುವಾಗ ಕಿವಿಯತ್ತ ಏರುವ ಹೆಗಲು, ಬೋರ್ಡಿನ ಮೇಲೆ ಬರೆಯುವ ಮೇಷ್ಟರ ಸುಮ್ಮನಿರುವ ಕೈಯ ಮುಷ್ಟಿ ಎಲ್ಲ ಈ ಲೆಕ್ಕದಲ್ಲಿ ದುಂದು. ಹಾಸಿಗೆಯ ಮೇಲಿನ ಹದಿನೈದು ನಿಮಿಷ ಇದಕ್ಕೆ ಪರಿಹಾರವಲ್ಲ, ಏಕೆಂದರೆ ತೊಂದರೆ ಹುಟ್ಟುವುದು ಹಾಸಿಗೆಯ ಮೇಲಲ್ಲ.

ಈ ಭಾಗವನ್ನು ಸಮರ್ಥಿಸುವ ಪುರಾವೆ ಬಂದದ್ದು ನಾರ್ವೆಯ ಚಾಕೊಲೇಟ್ ಕಾರ್ಖಾನೆಯಿಂದ, ಜೇಕಬ್‌ಸನ್ ತೀರಿಕೊಂಡ ಮೇಲೆ. ಅಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರದು ಹಗುರ ಕೆಲಸ. ಆದರೂ ಹಲವರಿಗೆ ಕತ್ತಿನಿಂದ ಹೆಗಲಿಗೆ ಹರಡುವ ಟ್ರೆಪೀಸಿಯಸ್ ಸ್ನಾಯುವಿನಲ್ಲಿ ನೋವು. ವೀಯರ್‌ಸ್ಟೆಡ್ ಮತ್ತು ಸಂಗಡಿಗರು ಕೆಲಸ ಮಾಡುತ್ತಿರುವಾಗಲೇ ಆ ಸ್ನಾಯುವಿನ ವಿದ್ಯುತ್ತನ್ನು ದಾಖಲಿಸಿದರು. 1990ರ ದಶಕದ ಆರಂಭದಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ನೋವು ಬರುವವರನ್ನು ಬೇರೆಯಾಗಿಸಿದ್ದು ಒಂದು ಸೆಕೆಂಡೂ ಇರದ ಬಿಡುವುಗಳು. ಇತರರ ಸ್ನಾಯು ಕೆಲಸದ ಮಧ್ಯೆ ಆಗಾಗ ಕ್ಷಣಮಾತ್ರ ಪೂರ್ತಿ ಸುಮ್ಮನಾಗುತ್ತಿತ್ತು. ಮುಂದೆ ನೋವು ತಂದುಕೊಂಡವರಲ್ಲಿ ಅಂಥ ಕ್ಷಣಗಳು ಕಡಿಮೆ. ಸ್ವೀಡನ್ನಿನ ಯೋರಾನ್ ಹೆಗ್ 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಸಣ್ಣ ಘಟಕಗಳು ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುತ್ತವೆ. ಕೆಲಸ ಎಷ್ಟೇ ಹಗುರವಿದ್ದರೂ ಪೂರ್ಣ ವಿರಾಮ ಸಿಗದಿದ್ದರೆ ದಿನವಿಡೀ ದುಡಿಯುವವು ಅವೇ. ಎಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗುವ ಕಥೆಯ ಹುಡುಗಿ ಸಿಂಡ್ರೆಲಾಳ ಹೆಸರನ್ನೇ ಈ ಊಹೆಗೆ ಇಟ್ಟಿದ್ದಾರೆ. ಊಹೆ ಇನ್ನೂ ಊಹೆಯೇ. ಆದರೂ, ಭಾರ ಎತ್ತದವನಿಗೂ ಹೆಗಲು ನೋಯುವುದೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಪ್ಪುವ ಉತ್ತರ ಸಿಗುವುದು ಕಷ್ಟ.

ಬಿದ್ದುಹೋದ ಭಾಗವನ್ನು ಮತ್ತೆ ಎತ್ತಿಕೊಂಡವರೂ ಸ್ವೀಡನ್ನಿನವರೇ. ಲಾರ್ಸ್-ಯೋರಾನ್ ಓಸ್ಟ್ 1987ರಲ್ಲಿ ವಿವರಿಸಿದ ವಿಧಾನ ಬಿಗಿ-ಬಿಡುವಿನ ಕಿರುರೂಪದಿಂದಲೇ ಆರಂಭವಾಗುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಬಿಗಿಯುವುದನ್ನು ಕೈಬಿಟ್ಟು ಬರೀ ಬಿಡುವುದು, ಆಮೇಲೆ ಕುರ್ಚಿಯಲ್ಲಿ ಕೂತು, ನಿಂತು, ನಡೆಯುತ್ತ ಬಿಡುವುದು. ಕೊನೆಗೆ 20–30 ಸೆಕೆಂಡಿನಲ್ಲಿ ಮೈ ಸಡಿಲಿಸುವುದು. ಗಡಿಯಾರದ ಮೇಲೆ ಬಣ್ಣದ ಸಣ್ಣ ಟೇಪಿನ ತುಣುಕು ಅಂಟಿಸಿ, ಅದು ಕಂಡಾಗಲೆಲ್ಲ, ದಿನಕ್ಕೆ 15–20 ಸಲ ಹೀಗೆ ಮಾಡಬೇಕು. ಇಷ್ಟು ಸರಳ ಉಪಾಯಕ್ಕೆ ಆಪ್ ಬೇಕಿಲ್ಲವೆಂಬುದೇ ಅದು ಪ್ರಚಾರಕ್ಕೆ ಬಾರದಿರಲು ಕಾರಣವಿದ್ದೀತು.

ಜೇಕಬ್‌ಸನ್‌ರನ್ನು ಇಷ್ಟು ಹೊಗಳಿದ ಮೇಲೆ ಅವರು ಎಡವಿದ್ದನ್ನೂ ಹೇಳಬೇಕು. ಸ್ನಾಯು ಪೂರ್ತಿ ಸಡಿಲವಾದರೆ ಆತಂಕ ಇರಲು ಸಾಧ್ಯವೇ ಇಲ್ಲ, ಯೋಚನೆಯೂ ನಿಂತುಹೋಗುತ್ತದೆ ಎನ್ನುವಷ್ಟು ದೂರ ಅವರು ಹೋದರು. ಇದನ್ನು ಕೆಡವಿದ್ದು 1947ರಲ್ಲಿ ಪ್ರಕಟವಾದ ಎದೆಗಾರಿಕೆಯ ಪ್ರಯೋಗ. ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ಪೂರ್ಣ ಎಚ್ಚರದಲ್ಲಿದ್ದು, ಉಸಿರಾಟದ ಸ್ನಾಯುಗಳೂ ನಿಲ್ಲುವಷ್ಟು ಕ್ಯುರಾರೆ ಔಷಧವನ್ನು ತಮಗೇ ಕೊಡಿಸಿಕೊಂಡರು. ಸಹೋದ್ಯೋಗಿಗಳು ಕೃತಕ ಉಸಿರಾಟ ಕೊಡುತ್ತಿದ್ದರು. ಒಂದು ಬೆರಳೂ ಅಲುಗದ ಆ ಹೊತ್ತಿನಲ್ಲಿ ಸುತ್ತ ನಡೆದದ್ದನ್ನೆಲ್ಲ ಅವರು ಸ್ಪಷ್ಟವಾಗಿ ಅರಿತಿದ್ದರು, ಆಮೇಲೆ ವರದಿ ಮಾಡಿದರು. ಮನಸ್ಸು ಓಡಲು ಸ್ನಾಯು ಬೇಕಿಲ್ಲ. ತದ್ವಿರುದ್ಧವಾದ ಅನುಭವವೂ ಉಂಟು: ಮೈ ಸಡಿಲವಾಗುತ್ತಿದ್ದಂತೆ ಕೆಲವರಿಗೆ ಹಿಡಿತ ತಪ್ಪಿದಂತಾಗಿ ಆತಂಕ ಏರುತ್ತದೆ. 1980ರ ದಶಕದಲ್ಲಿ ಇದನ್ನು ದಾಖಲಿಸಿದವರಲ್ಲಿ ಒಬ್ಬರು ಕಿರು ಕೈಪಿಡಿ ಬರೆದ ಅದೇ ಬೋರ್ಕೊವೆಕ್.

ತಲೆನೋವಿನ ವಿಷಯದಲ್ಲೂ ಹೀಗೇ ಆಯಿತು. ತಲೆಗೆ ಪಟ್ಟಿ ಕಟ್ಟಿದಂತಾಗುವ ನೋವು ಹಣೆ, ಕತ್ತಿನ ಸ್ನಾಯುಗಳು ಬಿಗಿದುಕೊಳ್ಳುವುದರಿಂದಲೇ ಬರುತ್ತದೆ ಎಂದು ದಶಕಗಳ ಕಾಲ ವೈದ್ಯರು ನಂಬಿದ್ದರು. ಅಳೆದು ನೋಡಿದರೆ ನೋವಿರುವವರ ಸ್ನಾಯು ಇತರರದಕ್ಕಿಂತ ಹೆಚ್ಚು ಬಿಗಿಯಾಗಿರುವುದು ಎಲ್ಲರಲ್ಲೂ ಕಾಣಲಿಲ್ಲ. ಬಿಗಿಯಾಗಿದೆ ಎನ್ನಿಸುವುದು ಬೇರೆ, ಬಿಗಿಯಾಗಿರುವುದು ಬೇರೆ. ಸಡಿಲಿಕೆ ಅಂಥವರಲ್ಲಿ ಹಲವರಿಗೆ ಗುಣ ಕೊಡುತ್ತದೆ ನಿಜ. ಕಾರಣ ಮಾತ್ರ ಜೇಕಬ್‌ಸನ್ ಹೇಳಿದ್ದೇ ಆಗಿರಬೇಕಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಶವಾಸನ ನೆನಪಾಗದೆ ಇರದು. ಹಠಯೋಗ ಪ್ರದೀಪಿಕೆಯಲ್ಲೇ ದಣಿವು ಕಳೆಯುವ ಆಸನವಾಗಿ ಅದು ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1966ರ ‘ಲೈಟ್ ಆನ್ ಯೋಗ’ದಲ್ಲಿ ನೋಡಲು ಸುಲಭವಾದ ಈ ಆಸನವನ್ನು ಕರಗತವಾಗಲು ಅತಿ ಕಷ್ಟವಾದವುಗಳ ಸಾಲಿಗೆ ಸೇರಿಸುತ್ತಾರೆ, ಜೇಕಬ್‌ಸನ್ ಖಂಡಿತ ತಲೆದೂಗುತ್ತಿದ್ದರು. ಆದರೆ ‘ಅವರು ನಮ್ಮದನ್ನೇ ಕದ್ದರು’ ಎನ್ನುವ ಹೆಮ್ಮೆಗೆ ಆಧಾರ ತೆಳು. ವಿದ್ವಾಂಸ ಮಾರ್ಕ್ ಸಿಂಗಲ್‌ಟನ್ 2005ರಲ್ಲಿ ತೋರಿಸಿದಂತೆ, ಅಂಗಾಂಗವಾಗಿ ಮೈ ಸಡಿಲಿಸುವ ಆಧುನಿಕ ಯೋಗತರಗತಿಯ ರೂಢಿಯ ಮೇಲೆ ಪಶ್ಚಿಮದ ನೆರಳೂ ಬಿದ್ದಿದೆ. ಆ್ಯನಿ ಪೇಸನ್ ಕಾಲ್ 1891ರಲ್ಲೇ ಅಮೆರಿಕದಲ್ಲಿ ಇಂಥ ಪುಸ್ತಕ ಬರೆದಿದ್ದರು. ಕೊಡು-ಕೊಳು ಎರಡೂ ಕಡೆಯಿಂದ ನಡೆದಿದೆ. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ರೂಪುಗೊಂಡ ಆವರ್ತನ ಧ್ಯಾನದಲ್ಲಿ ಆಸನ, ವಿಶ್ರಾಂತಿ, ಮತ್ತೆ ಆಸನ ಎಂಬ ಸರದಿಯಿದೆ. 2000ದಲ್ಲಿ ಅಲ್ಲಿನವರು ಪ್ರಕಟಿಸಿದ ಅಧ್ಯಯನದಲ್ಲಿ ಅದಾದ ಕೂಡಲೇ ದೇಹ ಬಳಸುವ ಆಮ್ಲಜನಕ ಶೇಕಡಾ 32.1 ಇಳಿದಿತ್ತು, ಬರೀ ಶವಾಸನದ ನಂತರ ಶೇಕಡಾ 10.1. ದುಡಿಸಿ ಬಿಟ್ಟರೆ ದೇಹ ಚೆನ್ನಾಗಿ ಸಡಿಲಗೊಳ್ಳುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಅಳತೆ ಅಭ್ಯಾಸ ಮುಗಿದ ಕೂಡಲಿನದು; ಮಧ್ಯಾಹ್ನ ಮೂರು ಗಂಟೆಗೆ ಕಂಪ್ಯೂಟರ್ ಮುಂದಿನ ಹೆಗಲ ಸುದ್ದಿ ಅದರಲ್ಲಿಲ್ಲ.

ಜೇಕಬ್‌ಸನ್‌ರ ಪುಸ್ತಕದ ಅತಿ ದೊಡ್ಡ ಕೊರತೆ ಸ್ನಾಯುವಿನದಲ್ಲ, ಸಮಾಜದ್ದು. ಅದು ದಣಿದ ಮ್ಯಾನೇಜರನ ಕಣ್ಣಿನಿಂದ ಬರೆದಂತಿದೆ. ಬಿಡುವು ಅವನ ಕೈಯಲ್ಲಿದೆ, ಬಿಡದಿರುವುದು ಅವನ ತಪ್ಪು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ತಲೆಯ ಮೇಲಿರುವ ಹೆಂಗಸಿಗೆ, ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಸಿಗುವ ದಕ್ಷಿಣ ಕನ್ನಡದ ಬೀಡಿ ಕಟ್ಟುವವಳಿಗೆ ಆ ಕ್ಷಣಮಾತ್ರದ ಬಿಡುವು ಎಲ್ಲಿಂದ ಬರಬೇಕು? ಚಾಕೊಲೇಟ್ ಕಾರ್ಖಾನೆಯ ಫಲಿತಾಂಶವನ್ನು ‘ನೀನು ಸಡಿಲಗೊಳ್ಳಲು ಕಲಿ’ ಎಂದು ಓದಬಹುದು. ‘ಸಾಲಿನ ವೇಗ ತಗ್ಗಿಸಿ, ಸ್ಟೂಲಿನ ಎತ್ತರ ಸರಿಪಡಿಸಿ’ ಎಂದೂ ಓದಬಹುದು. ಎರಡನೆಯ ಓದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇಷ್ಟಾಗಿಯೂ ‘ಯು ಮಸ್ಟ್ ರಿಲ್ಯಾಕ್ಸ್’ ಓದಬೇಕಾದ ಪುಸ್ತಕ. 1970ರ ದಶಕದವರೆಗೂ ಪರಿಷ್ಕರಣೆಗಳು ಬಂದಿವೆ, ಹಳೆಯ ಪುಸ್ತಕದಂಗಡಿಯಲ್ಲಿ ಹುಡುಕಿದರೆ ಸಿಕ್ಕೀತು. ಯೋಚನೆಯೂ ಸ್ನಾಯುವಿನದೇ ಎನ್ನುವ ಪುಟಗಳನ್ನು ಹಾರಿಸಿ, ಕೈ, ಕಣ್ಣು, ನಾಲಿಗೆಯ ಪಾಠಗಳಿಂದ ತೊಡಗಿ ಕೆಲಸದ ನಡುವಿನ ಸಡಿಲಿಕೆಯ ಅಧ್ಯಾಯಕ್ಕೆ ಬೇಗ ಹೋಗುವುದು ವಾಸಿ. ಕೈ ಜೋಮು ಹಿಡಿಯುವುದು, ನೋವು ತೋಳಿಗೆ ಇಳಿಯುವುದು, ಹಿಡಿತ ಸೋಲುವುದು ಇದ್ದವರು ಪುಸ್ತಕ ಮುಚ್ಚಿಟ್ಟು ಮೊದಲು ಡಾಕ್ಟರನ್ನು ಕಾಣಬೇಕು. ಅದು ನರದ ಮಾತು, ಈ ವಿದ್ಯೆಯ ವ್ಯಾಪ್ತಿಗೆ ಬರುವುದಿಲ್ಲ.