ಸರ್ವಿಸ್ ಬ್ರೇಕ್

ಇಪ್ಪತ್ತಮೂರಕ್ಕಿಂತ ಇಪ್ಪತ್ತನಾಲ್ಕು ದೊಡ್ಡದು. ಒಂದನೆಯ ತರಗತಿಯ ಮಗುವನ್ನು ಕೇಳಿದರೂ ಹೇಳುತ್ತದೆ. ಆದರೆ ಟೆನಿಸ್ ಬಲ್ಲವರು ನಾಲ್ಕು ಜನ ಸೇರಿದ ಕಡೆ ಈ ಲೆಕ್ಕ ಬಗೆಹರಿಯುವುದೇ ಇಲ್ಲ. ಆಸ್ಟ್ರೇಲಿಯದ ಮಾರ್ಗರೆಟ್ ಕೋರ್ಟ್ 1960ರಿಂದ 1973ರವರೆಗೆ ಗೆದ್ದ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಪ್ರಶಸ್ತಿಗಳು 24. ಅಮೆರಿಕದ ಸೆರೆನಾ ವಿಲಿಯಮ್ಸ್ 1999ರಿಂದ 2017ರವರೆಗೆ ಗೆದ್ದದ್ದು 23. ಆ ಇನ್ನೊಂದಕ್ಕಾಗಿ ಸೆರೆನಾ ವರ್ಷಗಟ್ಟಲೆ ಹೆಣಗಿ, 2022ರಲ್ಲಿ ಕೊನೆಗೂ ರಾಕೆಟ್ ಕೆಳಗಿಟ್ಟಾಗ ಆಟದ ಪುಟದ ಮೂಲೆಯಲ್ಲಿ ಒಂದು ಚೌಕಟ್ಟು ಬಂತು: ಕೋರ್ಟ್ 24, ಸೆರೆನಾ 23, ಸ್ಟೆಫಿ ಗ್ರಾಫ್ 22, ಹೆಲೆನ್ ವಿಲ್ಸ್ 19, ಕ್ರಿಸ್ ಎವರ್ಟ್ 18, ಮಾರ್ಟಿನಾ ನವ್ರಾಟಿಲೋವಾ 18. ಕೆಳಗೆಲ್ಲೋ ಬಿಲ್ಲಿ ಜೀನ್ ಕಿಂಗ್ 12. ಥೇಟ್ ದಿನಸಿ ಅಂಗಡಿಯ ಚೀಟಿ. ಬೇಳೆ ಇಷ್ಟು, ಬೆಲ್ಲ ಇಷ್ಟು.

ನಾನು ರಾಕೆಟ್ ಹಿಡಿದವಳಲ್ಲ. ದೂರದರ್ಶನದವರು ವಿಂಬಲ್ಡನ್ ತೋರಿಸಲು ಶುರುಮಾಡಿದಂದಿನಿಂದ ಶನಿವಾರದ ಸಂಜೆ ಹೆಂಗಸರ ಫೈನಲ್ ನೋಡುತ್ತ ಬಂದವಳು, ಅಷ್ಟೆ. ಅದೂ ಪೂರ್ತಿಯಲ್ಲ. ಮೊದಲ ಸೆಟ್ ಕುರ್ಚಿಯಲ್ಲಿ ಕೂತು, ಎರಡನೆಯದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕುಕ್ಕರ್ ಕೂಗುಗಳ ನಡುವೆ. ಆದರೂ ನೋಡಿದ್ದರಿಂದಲೇ ಒಂದು ತಕರಾರು ಹುಟ್ಟಿಕೊಂಡಿದೆ. ಆ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಅದು ಗೆದ್ದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಆಡದೆ ಉಳಿದದ್ದಕ್ಕೆ, ಆಡಲು ಬಿಡದಿದ್ದದ್ದಕ್ಕೆ ಅದರಲ್ಲಿ ಕಾಲಂ ಇಲ್ಲ. ಹೆಂಗಸರ ಆಟವನ್ನು ತೂಗಲು ಹೊರಟಾಗ ಆ ಇಲ್ಲದ ಕಾಲಂ ಇಲ್ಲದೆ ತೂಕ ಸರಿಹೋಗುವುದಿಲ್ಲ.

ಗಂಡಸರಿಗೆ ಈ ತೊಂದರೆ ಇಲ್ಲವೆಂದಲ್ಲ. ರಾಡ್ ಲೇವರ್ 1962ರಲ್ಲಿ ಒಂದೇ ವರ್ಷದಲ್ಲಿ ನಾಲ್ಕೂ ಪ್ರಶಸ್ತಿ ಗೆದ್ದು, ಮರುವರ್ಷ ದುಡ್ಡಿಗೆ ಆಡುವ ವೃತ್ತಿಪರರ ಗುಂಪಿಗೆ ಸೇರಿದರು. ಆ ನಾಲ್ಕು ಟೂರ್ನಿಗಳು ಆಗ ಹವ್ಯಾಸಿಗಳಿಗೆ ಮಾತ್ರ. ವೃತ್ತಿಪರರಿಗೆ ಬಾಗಿಲು ತೆರೆದದ್ದು 1968ರಲ್ಲಿ. 1969ರಲ್ಲಿ ಲೇವರ್ ಮತ್ತೆ ನಾಲ್ಕೂ ಗೆದ್ದರು. ನಡುವಿನ ಐದು ವರ್ಷ ಸೊನ್ನೆ. ಪಟ್ಟಿಯ ಪ್ರಕಾರ ಅವರದ್ದು 11, 2023ರಲ್ಲಿ ಜೋಕೊವಿಚ್ ಮುಟ್ಟಿದ್ದು 24. ಆದರೆ ಲೇವರ್ ಹೆಸರು ಬಂದ ಕೂಡಲೇ ಬಲ್ಲವರು ತಾವಾಗಿಯೇ ಆ ಐದು ವರ್ಷದ ಮಾತೆತ್ತಿ, ಆಡಿದ್ದರೆ ಎಷ್ಟಾಗುತ್ತಿತ್ತೋ ಎಂದು ಲೊಚಗುಟ್ಟುತ್ತಾರೆ. ಹೆಂಗಸರ ಪಟ್ಟಿಯ ಹತ್ತಿರ ಬರುವಾಗ ಈ ಔದಾರ್ಯ ಎಲ್ಲಿಗೆ ಹೋಗುತ್ತದೋ ನಾ ಕಾಣೆ.

ಮೊದಲು ಕೋರ್ಟ್ ಅವರ ವಿಷಯವೇ ಆಗಲಿ. ಅವರ 24ರಲ್ಲಿ 11 ಸ್ವಂತ ದೇಶದಲ್ಲೇ ಗೆದ್ದವು. ಅದರಲ್ಲೂ ಏಳು, 1960ರಿಂದ 1966ರವರೆಗೆ ಸಾಲಾಗಿ. ಮೊದಲ ನಾಲ್ಕು ವರ್ಷವೂ ಫೈನಲ್‌ನಲ್ಲಿ ಎದುರಿಗೆ ನಿಂತವರು ಒಬ್ಬರೇ, ಅದೇ ದೇಶದ ಜಾನ್ ಲೆಹೇನ್. ಬಹುಮಾನದ ದುಡ್ಡಿಲ್ಲದ ಕಾಲ, ಪ್ರಪಂಚದ ಆ ತುದಿಯ ಊರು. ಯೂರೋಪು ಅಮೆರಿಕದ ಎಷ್ಟೋ ಆಟಗಾರ್ತಿಯರು ಅತ್ತ ತಲೆಹಾಕುತ್ತಿರಲಿಲ್ಲ. ನಮ್ಮ ಬಡಾವಣೆಯ ರಂಗೋಲಿ ಸ್ಪರ್ಧೆಯ ಹಾಗೆ, ಬಹುಮಾನ ಯಾರ ಮನೆಗೆಂದು ಮುಂಚೆಯೇ ಗೊತ್ತಿರುತ್ತಿತ್ತು ಎಂದು ಸೆರೆನಾ ಕಡೆಯವರು ಮೂಗು ಮುರಿಯುತ್ತಾರೆ. ಅದರಲ್ಲಿ ಹುರುಳಿದೆ. ಸೆರೆನಾ ಗೆದ್ದ ಪ್ರತಿಯೊಂದು ಪ್ರಶಸ್ತಿಗೂ 128 ಜನರ ಕಣದಲ್ಲಿ ಏಳು ಪಂದ್ಯ ಗೆಲ್ಲಬೇಕಿತ್ತು. ಜಗತ್ತಿನಲ್ಲಿ ಆಡಬಲ್ಲವರೆಲ್ಲ ಅಲ್ಲಿರುತ್ತಿದ್ದರು.

ಆದರೆ ಆಸ್ಟ್ರೇಲಿಯದ ಹನ್ನೊಂದನ್ನೂ ತೆಗೆದುಹಾಕಿ ನೋಡಿ. ಫ್ರಾನ್ಸಿನ 5, ವಿಂಬಲ್ಡನ್ನಿನ 3, ಅಮೆರಿಕದ 5 ಉಳಿದೇ ಉಳಿಯುತ್ತವೆ. ಕಿಂಗ್ ಅವರ ಒಟ್ಟು ಗಳಿಕೆಗಿಂತ ಒಂದು ಹೆಚ್ಚು! 1970ರಲ್ಲಿ, ಎಲ್ಲರಿಗೂ ಬಾಗಿಲು ತೆರೆದ ಮೇಲೆ, ಕೋರ್ಟ್ ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದರು. ಆ ವರ್ಷದ ವಿಂಬಲ್ಡನ್ ಫೈನಲ್‌ನಲ್ಲಿ ಕಾಲಿನ ಹರಡಿನ ಗಂಟು ಊದಿಕೊಂಡಿದ್ದರೂ ಕಿಂಗ್ ಅವರನ್ನು 14-12, 11-9ರಿಂದ ಸೋಲಿಸಿದರು. ಟೈಬ್ರೇಕರ್ ಇಲ್ಲದ ಕಾಲ. ಎರಡೇ ಸೆಟ್‌ಗೆ 46 ಗೇಮು. ಇದನ್ನು ರಂಗೋಲಿ ಸ್ಪರ್ಧೆ ಅನ್ನುವವರಿಗೆ ನನ್ನ ದೊಡ್ಡ ನಮಸ್ಕಾರ. ಕೋರ್ಟ್ ಮುಂದೆ ಧರ್ಮಪ್ರಚಾರಕಿಯಾಗಿ, ಸಲಿಂಗಿಗಳ ಮದುವೆಯ ವಿರುದ್ಧ ಆಡಿದ ಮಾತುಗಳು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅವರ 24 ಅನ್ನು ಕಡಿಮೆ ಮಾಡಿ ಮಾತಾಡುವವರಲ್ಲಿ ಕೆಲವರಿಗೆ ಆ ಸಿಟ್ಟೂ ಇದೆ. ಆದರೆ ಮಾತಿನ ಸಿಟ್ಟನ್ನು ಆಟದ ಲೆಕ್ಕದಲ್ಲಿ ಕಳೆಯುವುದು ಯಾವ ನ್ಯಾಯ?

ಇನ್ನು ಕ್ರಿಸ್ ಎವರ್ಟ್. ಆವೆಮಣ್ಣಿನ ಅಂಕಣದಲ್ಲಿ 1973ರಿಂದ 1979ರವರೆಗೆ ಸತತವಾಗಿ 125 ಪಂದ್ಯ ಗೆದ್ದವರು. ಅದೇ ಮಣ್ಣಿನ ಮೇಲೆ ನಡೆಯುವ ಫ್ರೆಂಚ್ ಟೂರ್ನಿಗೆ ಅವರು 1976, 77, 78ರಲ್ಲಿ ಹೋಗಲೇ ಇಲ್ಲ. ಅಮೆರಿಕದಲ್ಲಿ ಆಗ ತಂಡಗಳ ಟೆನಿಸ್ ನಡೆಯುತ್ತಿತ್ತು, ಅಲ್ಲಿ ಆಡಿದರು. 1975ರಿಂದ 1980ರವರೆಗೆ ಆಸ್ಟ್ರೇಲಿಯಕ್ಕೂ ಹೋಗಲಿಲ್ಲ. ಬದುಕಿನಲ್ಲಿ ಆರೇ ಸಲ ಅಲ್ಲಿಗೆ ಹೋದರು, ಆರು ಸಲವೂ ಫೈನಲ್ ತಲುಪಿದರು. ಅವರಿಗೆ ಅಹಂಕಾರವೂ ಇರಲಿಲ್ಲ, ಸೋಮಾರಿತನವೂ ಇರಲಿಲ್ಲ. ಒಟ್ಟು ಎಷ್ಟು ಗೆದ್ದೆ ಎಂದು ಬೆರಳು ಮಡಚುವ ಅಭ್ಯಾಸ ಆಗಿನವರಿಗೆ ಅಷ್ಟಾಗಿ ಇರಲಿಲ್ಲ, ಅಷ್ಟೆ. ಆಮೇಲಿನವರು ಮಾಡಿದ ಪ್ರಶ್ನೆಪತ್ರಿಕೆಗೆ ಮುಂಚಿನವರ ಉತ್ತರವನ್ನು ತಿದ್ದುತ್ತಿದ್ದೇವೆ. ಎವರ್ಟ್ ಅವರ 18 ನನ್ನ ಲೆಕ್ಕದಲ್ಲಿ ಸ್ಟೆಫಿಯ 22ಕ್ಕೆ ತೀರ ಹತ್ತಿರದ್ದು.

ಟೆನಿಸ್‌ನಲ್ಲಿ ಸರ್ವಿಸ್ ಬ್ರೇಕ್ ಅಂದರೆ ಎದುರಾಳಿ ಸರ್ವ್ ಮಾಡುವ ಗೇಮನ್ನು ನಾವು ಗೆಲ್ಲುವುದು. ಚಪ್ಪಾಳೆ ಬೀಳುತ್ತದೆ. ನಮ್ಮ ಕಚೇರಿಗಳ ಕನ್ನಡದಲ್ಲಿ ಅದೇ ಮಾತಿಗೆ ಬೇರೆ ಅರ್ಥ. ನಮ್ಮ ಅಕ್ಕ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಎರಡನೆಯ ಹೆರಿಗೆಯ ನಂತರ ಮಗುವಿಗೆ ಹುಷಾರು ತಪ್ಪಿ, ಸಂಬಳವಿಲ್ಲದ ರಜೆ ಹಾಕಿ ಹತ್ತು ತಿಂಗಳು ಮನೆಯಲ್ಲಿದ್ದಳು. ಮುಂದೆ ಎಷ್ಟೋ ವರ್ಷದ ಮೇಲೆ ಹೆಡ್‌ಮಿಸ್ ಸ್ಥಾನಕ್ಕೆ ಹಿರಿತನದ ಪಟ್ಟಿ ಮಾಡಿದಾಗ, ಅವಳ ಸೇವಾ ಪುಸ್ತಕದಲ್ಲಿ ಆ ಹತ್ತು ತಿಂಗಳ ಎದುರು ಕೆಂಪು ಶಾಯಿಯಲ್ಲಿ ಬರೆದಿತ್ತು: 'ಸರ್ವಿಸ್ ಬ್ರೇಕ್'. ಅವಳ ನಂತರ ಸೇರಿದ ಮೇಷ್ಟರು ಅವಳಿಗಿಂತ ಹಿರಿಯರಾದರು. ಅಕ್ಕ ಏನೂ ಅನ್ನಲಿಲ್ಲ. ಭಾವನೇ ನಾಲ್ಕು ದಿನ ಕೂಗಾಡಿ ಸುಮ್ಮನಾದರು.

ಸೆರೆನಾ ಕಥೆ ಓದುವಾಗ ನನಗೆ ಆ ಕೆಂಪು ಶಾಯಿ ಕಾಣುತ್ತದೆ. 2017ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಅಕ್ಕ ವೀನಸ್‌ರನ್ನೇ ಸೋಲಿಸಿ 23ನೆಯದನ್ನು ಗೆದ್ದಾಗ ಆಕೆ ಸುಮಾರು ಎರಡು ತಿಂಗಳ ಬಸುರಿ. ಅದೇ ಗೆಲುವಿನಿಂದ ವಿಶ್ವದಲ್ಲಿ ಮೊದಲ ಸ್ಥಾನವೂ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. ಬಾಣಂತಿಯ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ ಬಂತು. 2018ರ ಮೇ ತಿಂಗಳಲ್ಲಿ ಫ್ರೆಂಚ್ ಟೂರ್ನಿಗೆ ಬಂದಾಗ ಅವರ ಸ್ಥಾನ 450ಕ್ಕೂ ಆಚೆ. ಬಲಶಾಲಿಗಳು ಮೊದಲ ಸುತ್ತುಗಳಲ್ಲೇ ಒಬ್ಬರಿಗೊಬ್ಬರು ಎದುರಾಗದಂತೆ ಕೊಡುವ ಶ್ರೇಯಾಂಕವನ್ನು ಅಲ್ಲಿ ಅವರಿಗೆ ಕೊಡಲಿಲ್ಲ. ಮೊಣಕಾಲು ಮುರಿದವರಿಗೂ ಮಗು ಹೆತ್ತವರಿಗೂ ಒಂದೇ ನಿಯಮ. ವಿಂಬಲ್ಡನ್‌ನವರು ಮಾತ್ರ 25ನೆಯ ಶ್ರೇಯಾಂಕ ಕೊಟ್ಟರು. ಆಕೆ ಫೈನಲ್ ತನಕ ಹೋಗಿ ಅವರ ಮಾನ ಉಳಿಸಿದರು. 2018 ಮತ್ತು 2019ರಲ್ಲಿ ಒಟ್ಟು ನಾಲ್ಕು ಗ್ರ್ಯಾಂಡ್ ಸ್ಲಾಂ ಫೈನಲ್, 36, 37ರ ವಯಸ್ಸಿನಲ್ಲಿ. ನಾಲ್ಕರಲ್ಲೂ ಸೋಲು. ಪಟ್ಟಿಯಲ್ಲಿ ಆ ನಾಲ್ಕಕ್ಕೆ ಜಾಗವಿಲ್ಲ. ನನಗೆ ಮಾತ್ರ ಸೆರೆನಾ ದೊಡ್ಡವರು ಅನ್ನಿಸಿದ್ದು ಆ ನಾಲ್ಕರಿಂದ. ಮೊದಲಿನ 23ರಲ್ಲಿ ಸರ್ವ್‌ನ ರಭಸ ನೋಡಿ ಬೆರಗಾಗಿದ್ದೆ, ಅಷ್ಟೆ. ಈ ಗಲಾಟೆಯ ಫಲವಾಗಿ ಮಹಿಳಾ ಟೆನಿಸ್ ಸಂಘ 2019ರಿಂದ ನಿಯಮ ಬದಲಿಸಿತು. ಹೆರಿಗೆಯಾಗಿ ಮೂರು ವರ್ಷದೊಳಗೆ ಮರಳಿದವಳು ತನ್ನ ಹಳೆಯ ಸ್ಥಾನದ ಬಲದ ಮೇಲೆ ಟೂರ್ನಿಗಳಿಗೆ ಸೇರಿಕೊಳ್ಳಬಹುದು.

ಇದಕ್ಕಿಂತ ಕಷ್ಟದ ಲೆಕ್ಕ ಸ್ಟೆಫಿ ಗ್ರಾಫ್‌ರದು. ನನಗೆ ಅವರ ಆಟ ಅಂದರೆ ಪ್ರಾಣ. ಆ ಫೋರ್‌ಹ್ಯಾಂಡು, ಅಂಕ ಮುಗಿದ ಕೂಡಲೇ ತಿರುಗಿ ನಡೆದುಬಿಡುವ ಆ ಅವಸರ. 1988ರಲ್ಲಿ ನಾಲ್ಕೂ ಪ್ರಶಸ್ತಿಯ ಜೊತೆಗೆ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದರು; ಆ ವರ್ಷದ ಫ್ರೆಂಚ್ ಫೈನಲ್ ಮುಗಿದದ್ದು 6-0, 6-0ರಲ್ಲಿ. ಆದರೆ ಅವರ 22 ಸರಿಯಾಗಿ ಎರಡು ಹೋಳಾಗುತ್ತದೆ. 1993ರ ಏಪ್ರಿಲ್‌ಗೆ ಮುಂಚೆ 11, ಆಮೇಲೆ 11.

ಆ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ, ಗೇಮುಗಳ ನಡುವೆ ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದ ಮೋನಿಕಾ ಸೆಲೆಸ್‌ರ ಬೆನ್ನಿಗೆ ಒಬ್ಬ ಚಾಕು ಹಾಕಿದ. ಅವನು ಸ್ಟೆಫಿಯ ಹುಚ್ಚು ಅಭಿಮಾನಿ. ತನ್ನ ದೇವತೆ ಮತ್ತೆ ಮೊದಲ ಸ್ಥಾನಕ್ಕೆ ಏರಬೇಕಿತ್ತಂತೆ. ಸೆಲೆಸ್‌ಗೆ ಆಗ 19 ವರ್ಷ, ಕೈಯಲ್ಲಿ ಆಗಲೇ 8 ಪ್ರಶಸ್ತಿ. 1991ರ ಆರಂಭದಿಂದ ಅಲ್ಲಿಯ ತನಕ ಆಡಿದ ಎಂಟು ಗ್ರ್ಯಾಂಡ್ ಸ್ಲಾಂಗಳಲ್ಲಿ ಏಳನ್ನು ಗೆದ್ದಿದ್ದರು. ಗಾಯ ಬೇಗ ಮಾಗಿತು. ಭಯ ಮಾಗಲು ಎರಡು ವರ್ಷಕ್ಕೂ ಮೀರಿ ಹಿಡಿಯಿತು. ಚಾಕು ಹಾಕಿದವನು ಜೈಲು ಶಿಕ್ಷೆ ಅನುಭವಿಸದೆ ಮನೆಗೆ ಹೋದ. 1995ರಲ್ಲಿ ಸೆಲೆಸ್ ಮರಳಿದಾಗ ಸ್ಟೆಫಿಯ ಜೊತೆ ಜಂಟಿಯಾಗಿ ಮೊದಲ ಸ್ಥಾನ ಕೊಟ್ಟರು. 1996ರಲ್ಲಿ ಆಸ್ಟ್ರೇಲಿಯದಲ್ಲಿ ಒಂದು ಗೆದ್ದರು. ಅಲ್ಲಿಗೆ 9, ಮುಂದೆ ಇಲ್ಲ.

ಸ್ಟೆಫಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಎದುರಿಗೆ ಬಂದವರನ್ನು ಸೋಲಿಸುವುದಷ್ಟೇ ಆಟಗಾರ್ತಿಯ ಕೆಲಸ. ಎರಡನೆಯ ಹನ್ನೊಂದೂ ಬೆವರಿನ ಸಂಪಾದನೆಯೇ. ಆದರೂ 22 ಎಂಬ ಅಂಕಿ ಓದುವಾಗ ಅದರ ಪಕ್ಕದಲ್ಲೇ 9 ಅನ್ನೂ ಓದಬೇಕೆಂಬುದು ನನ್ನ ಹಟ. ಸ್ಟೆಫಿಯ ಅಭಿಮಾನಿಯಾದ ನಾನೇ ಇದನ್ನು ಹೇಳದಿದ್ದರೆ ಇನ್ಯಾರು ಹೇಳಬೇಕು?

ಹೀಗೆ ಹುಡುಕುತ್ತ ಹೋದರೆ ಪಟ್ಟಿಯ ಕೆಳಗಿನ ಸಾಲುಗಳೇ ಹೆಚ್ಚು ಮಾತಾಡುತ್ತವೆ. ಮೌರೀನ್ ಕಾನೊಲಿ 9 ಗೆದ್ದು, 1954ರಲ್ಲಿ ಕುದುರೆ ಸವಾರಿ ಮಾಡುವಾಗ ಲಾರಿ ತಾಗಿ ಕಾಲು ಹೋಗಿ, 19ಕ್ಕೇ ಆಟ ಮುಗಿಸಿದವರು. ಆಲ್ತಿಯಾ ಗಿಬ್ಸನ್ 5 ಗೆದ್ದವರು. ಕರಿಯರೆಂಬ ಕಾರಣಕ್ಕೆ 1950ರ ತನಕ ಅಮೆರಿಕದ ರಾಷ್ಟ್ರೀಯ ಟೂರ್ನಿಯ ಅಂಗಳಕ್ಕೇ ಅವರಿಗೆ ಪ್ರವೇಶವಿರಲಿಲ್ಲ. ಮೊದಲ ದೊಡ್ಡ ಪ್ರಶಸ್ತಿ ಬಂದಾಗ ವಯಸ್ಸು 28. 1957, 58ರಲ್ಲಿ ವಿಂಬಲ್ಡನ್ ಗೆದ್ದೂ ಕೈಯಲ್ಲಿ ಕಾಸಿಲ್ಲದೆ, ಬ್ಯಾಸ್ಕೆಟ್‌ಬಾಲ್ ತಂಡವೊಂದರ ಪ್ರದರ್ಶನಕ್ಕೆ ಮುಂಚೆ ಜನರನ್ನು ರಂಜಿಸಲು ಟೆನಿಸ್ ಆಡುವ ಕೆಲಸ ಹಿಡಿದರು. ಐದು ಅನ್ನುವುದು ಇಪ್ಪತ್ತಮೂರರ ಕಾಲುಭಾಗವೂ ಅಲ್ಲ, ನಿಜ. ಆ ಐದಿಲ್ಲದೆ ಈ ಇಪ್ಪತ್ತಮೂರಕ್ಕೆ ಅಂಗಳ ಎಲ್ಲಿತ್ತು?

ಹಾಗಾದರೆ ಯಾರು ದೊಡ್ಡವರು ಎಂದು ನೇರವಾಗಿ ಕೇಳುತ್ತೀರಿ. ಒಂದೇ ಪಂದ್ಯ, ಇಬ್ಬರೂ ತಮ್ಮ ಉತ್ತುಂಗದಲ್ಲಿ, ಗೆದ್ದವರಿಗೆ ಎಲ್ಲ ಎಂದರೆ ನನ್ನ ಓಟು ಸೆರೆನಾಗೆ. ಮರದ ರಾಕೆಟ್ಟಿನ ಕಾಲಕ್ಕೂ ಈಗಿನದಕ್ಕೂ ಹೋಲಿಕೆ ಎಲ್ಲಿಯದು ಅನ್ನಬಹುದು. ಅದು ಸರಿ, ಆದರೂ ಓಟು ಅವರಿಗೇ. ಒಂದು ವರ್ಷ ಆರಿಸಿ ಅಂದರೆ ಬಹಳ ಜನ 1988 ಅನ್ನುತ್ತಾರೆ. ನಾನು 1973 ಅನ್ನುತ್ತೇನೆ. ಅದು 24ನ್ನು ಹೀಗಳೆಯುವವರೂ ಹೊಗಳುವವರೂ ಇಬ್ಬರೂ ಮರೆತುಬಿಡುವ ವರ್ಷ.

1972ರ ಮಾರ್ಚಿನಲ್ಲಿ ಕೋರ್ಟ್‌ಗೆ ಗಂಡುಮಗು ಹುಟ್ಟಿತು. ಆಗಿನ್ನೂ ಹೆರಿಗೆಯ ನಿಯಮವೂ ಇರಲಿಲ್ಲ, ಗಲಾಟೆಯೂ ಇರಲಿಲ್ಲ. ಮರುವರ್ಷ ಗಂಡನನ್ನೂ ಕೂಸನ್ನೂ ಕಟ್ಟಿಕೊಂಡು ಊರೂರು ಸುತ್ತಿ ಆಡಿ, ನಾಲ್ಕರಲ್ಲಿ ಮೂರು ಗ್ರ್ಯಾಂಡ್ ಸ್ಲಾಂ ಗೆದ್ದರು. ಅದೇ ವರ್ಷದ ಮೇ ತಿಂಗಳಲ್ಲಿ, ಅಮೆರಿಕದವರ ತಾಯಂದಿರ ದಿನದಂದೇ, 55 ವರ್ಷದ ಬಾಬಿ ರಿಗ್ಸ್ ಎಂಬ ಮಾತುಗಾರನ ಎದುರು 6-2, 6-1ರಿಂದ ಸೋತು ನಗೆಪಾಟಲಾದರು. ಜನ ನೆನಪಿಟ್ಟುಕೊಂಡದ್ದು ಈ ಒಂದನ್ನು. ಸೆಪ್ಟೆಂಬರಿನಲ್ಲಿ ಕಿಂಗ್ ಅದೇ ರಿಗ್ಸ್‌ನನ್ನು ಮೂರೂ ಸೆಟ್‌ಗಳಲ್ಲಿ ಸೋಲಿಸಿ ಲೆಕ್ಕ ಚುಕ್ತಾ ಮಾಡಿದರು.

ಈ ಇಬ್ಬರಿಗೂ ಅಷ್ಟಾಗಿ ಸರಿಬಂದದ್ದಿಲ್ಲ. 1968ರಲ್ಲಿ ವಿಂಬಲ್ಡನ್ ಗೆದ್ದ ಲೇವರ್‌ಗೆ 2,000 ಪೌಂಡು, ಅದೇ ಟೂರ್ನಿ ಗೆದ್ದ ಕಿಂಗ್‌ಗೆ 750 ಪೌಂಡು. ಆ ಅವಮಾನ ಕಿಂಗ್‌ರ ಎದೆಯಲ್ಲಿ ಕೂತಿತ್ತು. 1970ರಲ್ಲಿ ಒಂದೊಂದು ಡಾಲರಿನ ಕರಾರಿಗೆ ಸಹಿ ಹಾಕಿ ಬಂಡೆದ್ದ ಒಂಬತ್ತು ಆಟಗಾರ್ತಿಯರಲ್ಲಿ ಕಿಂಗ್ ಇದ್ದರು, ಕೋರ್ಟ್ ಇರಲಿಲ್ಲ. 1972ರ ಅಮೆರಿಕನ್ ಓಪನ್ ಗೆದ್ದಾಗ ಕಿಂಗ್‌ಗೆ ಸಿಕ್ಕಿದ್ದು 10,000 ಡಾಲರ್, ಗಂಡಸರಲ್ಲಿ ಗೆದ್ದ ನಸ್ತಾಸೆಗೆ 25,000. ಸಮ ಮಾಡದಿದ್ದರೆ ಮುಂದಿನ ವರ್ಷ ಬರುವುದಿಲ್ಲ ಎಂದು ಕಿಂಗ್ ಪಟ್ಟು ಹಿಡಿದರು. ಸಮ ಮಾಡಿದರು. ಆದರೆ ಆ ಮುಂದಿನ ವರ್ಷ ಕಿಂಗ್ ಮೈ ಸರಿಯಿಲ್ಲದೆ ಮೂರನೆಯ ಸುತ್ತಿನಲ್ಲೇ ಪಂದ್ಯ ಬಿಟ್ಟುಕೊಟ್ಟು ಹೊರನಡೆದರು. ಫೈನಲ್‌ನಲ್ಲಿ ಇವೋನ್ ಗೂಲಗಾಂಗ್‌ರನ್ನು ಸೋಲಿಸಿ, ಗಂಡಸಿಗೆ ಕೊಟ್ಟಷ್ಟೇ 25,000 ಡಾಲರನ್ನು ಗ್ರ್ಯಾಂಡ್ ಸ್ಲಾಂ ಇತಿಹಾಸದಲ್ಲೇ ಮೊದಲ ಬಾರಿಗೆ ಕೈಯಲ್ಲಿ ಹಿಡಿದ ಹೆಂಗಸು ಮಾರ್ಗರೆಟ್ ಕೋರ್ಟ್, ಒಂದೂವರೆ ವರ್ಷದ ಮಗುವಿನ ತಾಯಿ. ಚೌಕಟ್ಟಿನ ಪಟ್ಟಿಯಲ್ಲಿ ಅದು ಇಪ್ಪತ್ತನಾಲ್ಕನೆಯದು.