ಎತ್ತು ಬಲ್ಲವರು ನೋಡಬೇಕಾದ ಚಿತ್ರ

ಎತ್ತು ಕಟ್ಟಿ ಬಲ್ಲವರ ಮುಂದೆ ಎತ್ತಿನ ಚಿತ್ರ ಇಟ್ಟರೆ ಅವರ ಕಣ್ಣು ಸೀದಾ ಕಾಲಿಗೆ ಹೋಗುತ್ತದೆ. ಗೊರಸು ನೆಲಕ್ಕೆ ಊರಿದೆಯೇ, ಎಳೆತದ ಭಾರ ಮೈಯಲ್ಲಿ ಎಲ್ಲಿ ಬಿದ್ದಿದೆ, ಜೋಡಿ ಸಮವಾಗಿ ಹೆಜ್ಜೆ ಹಾಕುತ್ತಿದೆಯೇ? ಈ ಪರೀಕ್ಷೆಯಲ್ಲಿ ಹೆಸರಾಂತ ಕಲಾವಿದರೂ ಎಡವುತ್ತಾರೆ. ಫ್ರಾನ್ಸಿನ ರೋಸಾ ಬೊನರ್ ಎಡವುವುದಿಲ್ಲ. ಆಕೆ 1849ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಬರೆದ ‘ನಿವೆರ್ನೆಯಲ್ಲಿ ಉಳುಮೆ’ ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ.

ಎರಡೂವರೆ ಮೀಟರಿಗೂ ಹೆಚ್ಚು ಅಗಲದ ಕ್ಯಾನ್ವಾಸು. ಎರಡು ನೇಗಿಲು, ಒಂದೊಂದಕ್ಕೂ ಆರಾರು ಎತ್ತು. ನಮ್ಮ ಮಾಗಿ ಉಳುಮೆಯ ಹಾಗೆ ಫ್ರಾನ್ಸಿನ ನಿವೆರ್ನೆ ಸೀಮೆಯಲ್ಲೂ ಚಳಿಗಾಲಕ್ಕೆ ಮುಂಚೆ ನೆಲ ಹೊರಳಿಸಿ ಮಣ್ಣಿಗೆ ಗಾಳಿಯಾಡಲು ಬಿಡುತ್ತಿದ್ದರು. ಚಿತ್ರದಲ್ಲಿರುವುದು ಆ ಮೊದಲ ಉಳುಮೆ. ಮುಂಭಾಗದಲ್ಲಿ ಆಗಷ್ಟೇ ಹೊರಳಿದ ಹಸಿ ಹೆಂಟೆಗಳು, ಮೇಲೆ ತಿಳಿ ಆಕಾಶ, ನಡುವೆ ಬಿಸಿಲಿಗೆ ಹೊಳೆಯುವ ಬಿಳಿ ಮೈಗಳ ಸಾಲು. ಆರಂಬಗಾರ ತನ್ನ ಎತ್ತುಗಳ ಹಿಂದೆ ಹೆಚ್ಚುಕಡಿಮೆ ಮರೆಯಾಗಿದ್ದಾನೆ. ಇದು ಮರೆತು ಮಾಡಿದ್ದಲ್ಲ. ಕೆಲಸ ಯಾರದ್ದೋ ಚಿತ್ರವೂ ಅವರದ್ದೇ ಎಂದು ಆಕೆ ತೀರ್ಮಾನಿಸಿದ್ದಾಳೆ.

ಈ ಎತ್ತುಗಳಿಗೆ ಹಿಣಿಲಿಲ್ಲ. ನಮ್ಮಲ್ಲಿ ನೊಗ ಹಿಣಿಲಿನ ಮುಂದೆ ಕತ್ತಿನ ಮೇಲೆ ಕೂರುತ್ತದೆ. ಅಲ್ಲಿ ಕೊಂಬಿಗೇ ಬಿಗಿಯುತ್ತಿದ್ದರು. ಹಾಗಾಗಿ ಅವು ತಲೆಯಿಂದ ನೂಕಿ ನಡೆಯಬೇಕಿತ್ತು. ಕುತ್ತಿಗೆಯ ಬಿಗಿ, ಗಂಗೆದೊಗಲಿನ ಮಡಿಕೆ, ತೊಡೆಯ ಸ್ನಾಯು ಎಲ್ಲವೂ ಆ ನೂಕಿಗೆ ತಕ್ಕಂತೆಯೇ ಇವೆ. ಒಂದು ಎತ್ತು ಮಾತ್ರ ನಡೆಯುತ್ತಲೇ ನಮ್ಮತ್ತ ಕಣ್ಣು ಹೊರಳಿಸಿದೆ. ಬೇಡಿಕೆಯೂ ಇಲ್ಲ, ದೂರೂ ಇಲ್ಲ, ಯಾರೋ ಬಂದು ನಿಂತದ್ದನ್ನು ಗಮನಿಸಿದ ನೋಟ, ಅಷ್ಟೇ. ಪ್ರಾಣಿಯ ಮುಖಕ್ಕೆ ಮನುಷ್ಯರ ದುಃಖವನ್ನು ಬಳಿಯುವುದು ಆ ಶತಮಾನದ ಚಿತ್ರಗಾರರ ಚಾಳಿ. ಅದನ್ನು ಈಕೆ ಇಲ್ಲಿ ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ. ಪ್ರಾಣಿಯ ಮೇಲಿನ ಗೌರವ ಅಂದರೆ ಇದು.

ಈ ತಿಳಿವಳಿಕೆ ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ಓದಲು ಒಲ್ಲೆ ಅಂದ ಮಗಳಿಗೆ ತಾಯಿ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಾಣಿಯ ಚಿತ್ರ ಬರೆಯಲು ಹೇಳಿ ಅಕ್ಷರ ಕಲಿಸಿದಳು. ಚಿತ್ರಗಾರನಾದ ತಂದೆ ರೇಖೆ ಕಲಿಸಿದ. ಉಳಿದದ್ದನ್ನು ಆಕೆ ಕಸಾಯಿಖಾನೆಯಲ್ಲಿ ಕಲಿತಳು. ಎಲುಬಿಗೆ ಸ್ನಾಯು ಎಲ್ಲಿ ಅಂಟಿದೆ, ಚರ್ಮದಡಿ ಏನಿದೆ ಎಂದು ರಕ್ತದ ನಡುವೆ ನಿಂತು ಬರೆದುಕೊಂಡಳು. ಪ್ಯಾರಿಸ್ಸಿನ ಕುದುರೆ ಸಂತೆಗೆ ವಾರಕ್ಕೆ ಎರಡು ಸಲದಂತೆ ಒಂದೂವರೆ ವರ್ಷ ಹೋದಳು. ಲಂಗ ತೊಟ್ಟು ಹೋದರೆ ದಲ್ಲಾಳಿಗಳ ಕಾಟ. ಪ್ಯಾಂಟು ತೊಡಲು ಹೆಂಗಸರಿಗೆ ಪೊಲೀಸರ ಅಪ್ಪಣೆ ಬೇಕಿತ್ತು. 1857ರಲ್ಲಿ ಆಕೆಗೆ ಕೊಟ್ಟ ಅಂಥ ಅಪ್ಪಣೆ ಚೀಟಿ ಉಳಿದುಬಂದಿದೆ. ಅದರ ಅವಧಿ ಆರು ತಿಂಗಳು, ಮುಗಿದ ಮೇಲೆ ಮತ್ತೆ ಅರ್ಜಿ. ಪ್ರಾಣಿಯನ್ನು ಅದರ ಜಾಗದಲ್ಲೇ ಕಾಣಬೇಕೆಂಬ ಹಟಕ್ಕೆ ಇಷ್ಟು ಬೆಲೆ ತೆತ್ತವರು ಕಡಿಮೆ.

ಆ ಸಂತೆಯಿಂದ ಹುಟ್ಟಿದ್ದೇ ‘ಕುದುರೆ ಸಂತೆ’. 1853ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡು ಆಕೆಯನ್ನು ಜಗತ್ಪ್ರಸಿದ್ಧಳನ್ನಾಗಿಸಿದ, ಐದು ಮೀಟರ್ ಅಗಲದ ಆ ಚಿತ್ರ 1887ರಿಂದ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಚಿತ್ರ ಮಾರಿ ಬಂದ ಹಣದಿಂದ ಆಕೆ ಫಾಂಟೆನ್‌ಬ್ಲೂ ಕಾಡಿನ ಅಂಚಿನಲ್ಲಿ ದೊಡ್ಡ ಮನೆ ಕೊಂಡು, ಸಿಂಹದವರೆಗೆ ಬಗೆಬಗೆಯ ಪ್ರಾಣಿ ಸಾಕಿ, 1899ರಲ್ಲಿ ಸಾಯುವವರೆಗೂ ಅಲ್ಲೇ ಬರೆದಳು. 1865ರಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಆ ಮನೆಗೇ ಬಂದು ಲೀಜನ್ ಆಫ್ ಆನರ್ ಪದಕ ತೊಡಿಸಿದಳು. ಈ ಗೌರವ ಪಡೆದ ಮೊದಲ ಕಲಾವಿದೆ ಆಕೆ.

ಹೆಸರು ಕುದುರೆಗಳಿಗೆ ಸಂದಿದೆ. ಅವುಗಳ ರಭಸಕ್ಕೆ ಯಾರಾದರೂ ಸೋಲುತ್ತಾರೆ. ನನ್ನ ಮತ ಮಾತ್ರ ಎತ್ತುಗಳಿಗೆ. ಕೆರಳಿದ ಕುದುರೆಯಲ್ಲಿ ಶಕ್ತಿ ತಾನಾಗಿ ಎದ್ದು ಕಾಣುತ್ತದೆ. ನಿಧಾನ ನಡಿಗೆಯಲ್ಲಿ ಶಕ್ತಿಯನ್ನು ಕಾಣಿಸುವುದು ಕಷ್ಟ, ಅದನ್ನು ಆಕೆ ಹನ್ನೆರಡು ಮೈಗಳಲ್ಲೂ ಕಾಣಿಸಿದ್ದಾಳೆ. ಪುಸ್ತಕದ ಅಂಗೈಯಗಲದ ಅಚ್ಚಿನಲ್ಲಿ ಇದು ಸಿಗದು. ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದಾಗಿ ತೆರೆಯಿರಿ. ಮೊದಲು ಕೆಳ ಅಂಚಿನ ಹೆಂಟೆ, ಆಮೇಲೆ ಗೊರಸು, ಮೊಣಕಾಲು, ಹೆಗಲು, ಹೀಗೆ ಮೇಲೇರುತ್ತ ಹೋಗಿ. ಮನೆಯಲ್ಲಿ ಉಳುಮೆ ಮಾಡಿದ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಎತ್ತು ಮೈಗಳ್ಳ, ಯಾವುದು ದುಡಿಯುತ್ತಿದೆ ಎಂದು ಅವರೇ ಹೇಳುತ್ತಾರೆ.